ರಬ್ಬರ್ ಸವೆಯದ ಊರುಗೋಲು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕಟ್ಟಡಕ್ಕೆ ಅಂಟಿಕೊಂಡಂತೆ, ಕೋಲು ಮೇಸ್ತ್ರಿಗಳ ಕಾರ್ಖಾನೆ ಇತ್ತು. ಕಾರ್ಖಾನೆ ಅನ್ನುವುದು ಅವರೇ ಇಟ್ಟುಕೊಂಡ ಹೆಸರು. ಆಸ್ಪತ್ರೆಯ ಕಾಗದಗಳಲ್ಲಿ ಅದು ಬರೀ ಹನ್ನೊಂದನೇ ಕೋಣೆ. ಎರಡು ಕಿಟಕಿ, ಒಂದು ಮರಗೆಲಸದ ಮೇಜು, ಒಂದು ಉಜ್ಜುವ ಯಂತ್ರ, ಗೋಡೆಯುದ್ದಕ್ಕೂ ಸಾಲಾಗಿ ಒರಗಿಸಿದ ಊರುಗೋಲುಗಳು. ಕೋಣೆಯ ನಡುವೆ ಸೊಂಟದ ಎತ್ತರಕ್ಕೆ ಎರಡು ಕಬ್ಬಿಣದ ಕಂಬಿ. ಕಾಲು ಮುರಿದವರು, ಕಾಲು ಕಳೆದುಕೊಂಡವರು ಆ ಕಂಬಿಗಳ ನಡುವೆ ಮತ್ತೆ ನಡೆಯಲು ಕಲಿಯುತ್ತಿದ್ದರು. ಮೂವತ್ತೊಂದು ವರ್ಷದಿಂದ ಅವರಿಗೆ ಕೋಲು ಮಾಡಿಕೊಡುವವರು, ನಡೆಯಲು ಕಲಿಸುವವರು, ಬಯ್ಯುವವರು ಎಲ್ಲ ಮೇಸ್ತ್ರಿಗಳೇ.

ಬಯ್ಯುವುದರಲ್ಲಂತೂ ಅವರದು ಎತ್ತಿದ ಕೈ.

"ಕೋಲು ಹಿಡ್ಕೊಂಡಿದ್ದೀಯೋ, ಹೂವಿನ ಹಾರ ಹಿಡ್ಕೊಂಡಿದ್ದೀಯೋ? ಭಾರ ಬಿಡಯ್ಯಾ ಅದರ ಮೇಲೆ! ಪೂರ್ತಿ ಬಿಡು. ಅರ್ಧ ಬಿಟ್ರೆ ಬೀಳ್ತೀಯ!"

ಕೋಲು ತೆಗೆದುಕೊಂಡು ಹೋದವರು ತಿಂಗಳಿಗೊಮ್ಮೆ ತೋರಿಸಲು ಬರಬೇಕಿತ್ತು. ಮೇಸ್ತ್ರಿಗಳು ಕಾಲು ನೋಡುತ್ತಿರಲಿಲ್ಲ, ಹೇಗಿದ್ದೀಯ ಎಂದು ಕೇಳುತ್ತಲೂ ಇರಲಿಲ್ಲ. ಕೋಲನ್ನು ಕಸಿದುಕೊಂಡು ತಲೆಕೆಳಗು ಮಾಡಿ, ತುದಿಗೆ ಹಾಕಿದ ರಬ್ಬರ್ ಟೋಪಿಯನ್ನು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದರು. ರಬ್ಬರಿನ ಗೆರೆಗಳು ಹೊಸದರಂತೆಯೇ ಇದ್ದರೆ ಮುಗಿಯಿತು. "ಇದನ್ನ ಮನೆಯಲ್ಲಿ ಮೊಳೆಗೆ ನೇತುಹಾಕಿದ್ಯಾ?" ಎಂದು ಮಂಗಳಾರತಿ ಶುರು. ಹೊರಗಡೆಯ ಅಂಚು ಒಂದು ಕಡೆಗೆ ಸವೆದಿದ್ದರೆ ಮಾತ್ರ ಮುಖ ಅರಳುತ್ತಿತ್ತು. ಭಾರ ಬಿಟ್ಟು ನಡೆಯುವವನ ಕೋಲು ಒಂದೇ ಕಡೆ ಸವೆಯುತ್ತದೆ, ಅದು ಅವರ ಅನುಭವ. "ರಬ್ಬರ್ ಸುಳ್ಳು ಹೇಳಲ್ಲ" ಎಂದು ಅವರು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ಪಕ್ಕದ ಕಟ್ಟಡದಲ್ಲಿ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ ಅವರ ಹೆಂಡತಿಗೆ ಆ ಮಾತು ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಇದು ಆರು ದಿನದ ಮಾತು. ಏಳನೆಯ ದಿನ ಮೇಸ್ತ್ರಿಗಳು ತಮ್ಮ ಚರ್ಚಿನ ಸಭೆಯ ಹಿರಿಯರು.

ಆ ಚರ್ಚಿಗೆ ಒಟ್ಟು ಐವರು ಹಿರಿಯರಿದ್ದರು. ಆದರೆ ಉಳಿದ ನಾಲ್ವರಿಗೆ ಮಾಡುವುದಕ್ಕೆ ಏನೂ ಮಿಕ್ಕಿರುತ್ತಿರಲಿಲ್ಲ. ಬಾಗಿಲು ತೆಗೆಯುವವರು ಮೇಸ್ತ್ರಿ, ಬೆಂಚು ಸಾಲು ಮಾಡುವವರು ಮೇಸ್ತ್ರಿ, ಮೈಕು ಕುಂಯ್ ಎಂದರೆ ಎದ್ದು ಹೋಗಿ ತಟ್ಟುವವರು ಮೇಸ್ತ್ರಿ, ಪಾಸ್ಟರ ಪ್ರಸಂಗ ಉದ್ದವಾದರೆ ಕೆಮ್ಮುವವರೂ ಮೇಸ್ತ್ರಿ. ಯಾರಾದರೂ ಪಾಪ ಎಂದು ಬೆಂಚಿನ ಇನ್ನೊಂದು ತುದಿಗೆ ಕೈಹಾಕಿದರೆ, "ಬಿಡಿ ಬಿಡಿ, ನಿಮ್ಮ ಕೈಲಿ ಆಗಲ್ಲ" ಎಂದು ಒಬ್ಬರೇ ಎಳೆದುಕೊಂಡು ಹೋಗುತ್ತಿದ್ದರು. ಆ ಮಾತನ್ನು ಎಷ್ಟು ಸಲ ಕೇಳಿದ್ದರೆಂದರೆ ಜನ ಬೆಂಚಿನ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಆರಾಧನೆಯ ಕೊನೆಗೆ, ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತು ಬಂದರೆ ಮೊದಲು ಏಳುವವರೂ ಅವರೇ.

"ನಾನು ಯಾರು? ಧೂಳು. ನಂದೇನಿದೆ ಇಲ್ಲಿ? ಎಲ್ಲಾ ಕರ್ತನ ಬಲ."

ಈ ಧೂಳಿನ ಕಥೆ ಇಪ್ಪತ್ತು ನಿಮಿಷಕ್ಕೆ ಕಡಿಮೆ ಆದದ್ದೇ ಇಲ್ಲ. ಕರ್ತನು ಮೊದಲ ವಾಕ್ಯದಲ್ಲೊಮ್ಮೆ, ಕೊನೆಯ ವಾಕ್ಯದಲ್ಲೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದನು, ನಡುವೆಯೆಲ್ಲ ಧೂಳೇ. ಪ್ರಾರ್ಥನೆಯೂ ಅದೇ ಬಗೆ. ಇಂಥ ಕೆಲಸ, ಇಂಥ ದಿನ, ಇಂಥ ರೀತಿಯಲ್ಲಿ ಆಗಬೇಕು ಎಂದು ದೇವರಿಗೆ ಅಳತೆ ಸಮೇತ ಒಪ್ಪಿಸಿ, ಕೊನೆಗೆ "ನಿನ್ನ ಇಷ್ಟದಂತೆ ಆಗಲಿ" ಎಂದು ಸೇರಿಸುತ್ತಿದ್ದರು.

ಹಾಗಿರುವಾಗ ಚರ್ಚಿನ ಮೇಲ್ಗಡೆಯ ಒಂದು ಬಲ್ಬು ಹೋಯಿತು. ಎಲೆಕ್ಟ್ರಿಷಿಯನ್ ನಾಳೆ ಬರುತ್ತೇನೆ ಎಂದಿದ್ದ. ನಾಳೆಯವರೆಗೆ ಕಾಯುವುದು ಮೇಸ್ತ್ರಿಗಳ ಜಾಯಮಾನದಲ್ಲೇ ಇಲ್ಲ. ಏಣಿ ಹಾಕಿದರು. ಪಾಸ್ಟರ್ ವಯಸ್ಸಿನಲ್ಲಿ ಚಿಕ್ಕವರು, ಮೇಸ್ತ್ರಿಗಳ ಎದುರು ನಿಂತರೆ ಇನ್ನೂ ಚಿಕ್ಕವರಾಗಿ ಕಾಣುತ್ತಿದ್ದರು. "ಏಣಿ ಹಿಡ್ಕೊಳ್ಳಲಾ?" ಎಂದು ಹತ್ತಿರ ಬಂದರು.

"ಬಿಡಿ ಬಿಡಿ, ನಿಮ್ಮ ಕೈಲಿ ಆಗಲ್ಲ."

ಬಲ್ಬು ಹಾಕಿದ್ದಾಯಿತು. ಇಳಿಯುವಾಗ ಏಣಿ ಜಾರಿತು. ಮೇಸ್ತ್ರಿಗಳ ಎಡ ಮಂಡಿ ಬೆಂಚಿನ ಮೂಲೆಗೆ ಬಡಿಯಿತು.

"ಮಂಡಿ ಇನ್ನು ಮೊದಲಿನ ಹಾಗೆ ಆಗಲ್ಲ," ಎಂದರು ಡಾಕ್ಟರು. "ಕೋಲು ಬೇಕೇ ಬೇಕು. ಯಾರ ಹತ್ರ ಮಾಡಿಸ್ಕೋಬೇಕು ಅಂತ ನಾನು ಹೇಳ್ಬೇಕಾ?"

ಮೇಸ್ತ್ರಿಗಳು ತಮಗೆ ತಾವೇ ಕೋಲು ಮಾಡಿಕೊಂಡರು. ನಾಲ್ಕು ದಿನ ಕೂತು ಹಿಡಿಯನ್ನು ಅಂಗೈಗೆ ಸರಿಯಾಗಿ ಕೆತ್ತಿದರು, ಮೂರು ಸಲ ಪಾಲಿಶ್ ಹಾಕಿದರು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಿಂದ ಅಂಥ ಕೋಲು ಹೊರಬಿದ್ದಿರಲಿಲ್ಲ. ಆಮೇಲೆ ಅದನ್ನು ಮೊಣಕೈಗೆ ನೇತುಹಾಕಿಕೊಂಡು, ಮೋಡವಿಲ್ಲದ ದಿನ ಛತ್ರಿ ಒಯ್ಯುವವರ ಹಾಗೆ ಓಡಾಡತೊಡಗಿದರು. ಕೋಲು ನೆಲ ಮುಟ್ಟುತ್ತಿರಲಿಲ್ಲ. ಬೆಂಚು, ಗೋಡೆ, ಬಾಗಿಲಿನ ಚೌಕಟ್ಟು ಯಾವುದು ಕೈಗೆ ಸಿಕ್ಕಿದರೆ ಅದನ್ನು ಹಿಡಿದು, ಯಾರೂ ನೋಡದಾಗ ಹಲ್ಲು ಕಚ್ಚಿ, ಯಾರಾದರೂ ನೋಡಿದರೆ ನಕ್ಕು, ದಿನ ದೂಡುತ್ತಿದ್ದರು.

"ಕೋಲು ಯಾಕೆ ಹಿರಿಯರೇ?" ಎಂದು ಯಾರಾದರೂ ಕೇಳಿದರೆ, "ಡಾಕ್ಟರ ಸಮಾಧಾನಕ್ಕೆ" ಎನ್ನುತ್ತಿದ್ದರು.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಒಬ್ಬಳೇ ಮಗಳು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ, ಅಮ್ಮನ ಹಾಗೆ ಮಿತಭಾಷಿ. ಅವಳು ಕೇಳಿದ್ದು ಒಂದೇ: "ಅಪ್ಪಾ, ಚರ್ಚಿನ ಬಾಗಿಲಿಂದ ಮುಂದೆ ಮದುಮಗ ನಿಂತಿರೋವರೆಗೂ ನೀನು ನನ್ನ ಕೈ ಹಿಡ್ಕೊಂಡು ಬರ್ಬೇಕು." ಅವಳು ಹುಟ್ಟಿದ ದಿನದಿಂದ ಮೇಸ್ತ್ರಿಗಳು ಮನಸ್ಸಿನಲ್ಲಿ ಆ ನಡಿಗೆಯನ್ನು ನಡೆದಿದ್ದರು. ಆದರೆ ಆ ನಡಿಗೆಯಲ್ಲಿ ಎಂದೂ ಕೋಲು ಇರಲಿಲ್ಲ.

ಪಾಸ್ಟರ್ ಒಳ್ಳೆಯ ಮನಸ್ಸಿನಿಂದಲೇ, "ಮುಂದೆ ಒಂದು ಕುರ್ಚಿ ಹಾಕಿಸ್ಲಾ? ಇಲ್ಲಾಂದ್ರೆ ಕೋಲು ಊರ್ಕೊಂಡೇ ನಿಧಾನಕ್ಕೆ..." ಎಂದರು. ಅದೇ ತಪ್ಪಾಯಿತು. ಮುಂದಿನ ಭಾನುವಾರ ಮೇಸ್ತ್ರಿಗಳು ಸಾಕ್ಷಿಗೆ ಎದ್ದು ನಿಂತರು.

"ನನ್ನ ಮಂಡಿಯಲ್ಲಿ ಶಕ್ತಿ ಇಲ್ಲ ಅಂತ ಕೆಲವರು ಹೇಳ್ತಿದ್ದಾರೆ. ನಿಜ, ಇಲ್ಲ. ಆದ್ರೆ ನನ್ನ ಮಗಳ ಮದುವೆ ದಿನ, ಈ ಬಾಗಿಲಿಂದ ಆ ಮುಂದಿನವರೆಗೂ, ಕೋಲಿಲ್ಲದೆ ಕರ್ತನು ನನ್ನನ್ನ ನಡೆಸ್ತಾನೆ. ನೀವೆಲ್ಲ ಕಣ್ಣಾರೆ ನೋಡ್ತೀರಿ!"

"ಸ್ತೋತ್ರ!" ಎಂದು ಇಡೀ ಸಭೆ ಕೂಗಿತು. ಹಾಡಿನ ತಂಡದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಹಾಡಿನಕ್ಕ, ಅಲ್ಲೇ ಕಣ್ಣೊರೆಸಿಕೊಂಡು ಆ ದಿನಕ್ಕೆ ಜಯದ ಹಾಡೊಂದನ್ನು ಆರಿಸಿಬಿಟ್ಟಳು. ಮಹಿಳಾ ಸಂಘದವರು ಸರದಿ ಪ್ರಕಾರ ಮಂಡಿಗಾಗಿ ಪ್ರಾರ್ಥಿಸುವುದೆಂದು ಠರಾವಾಯಿತು. ದೇವರ ಒಪ್ಪಿಗೆಯೊಂದು ಬಿಟ್ಟು ಬೇರೆಲ್ಲ ವ್ಯವಸ್ಥೆ ಆಯಿತು.

ಸೋಮವಾರ ಬೆಳಿಗ್ಗೆ ಮೇಸ್ತ್ರಿಗಳು ಅಳತೆ ಟೇಪು ಹಿಡಿದು ಚರ್ಚಿಗೆ ಹೋದರು. ಬಾಗಿಲಿಂದ ಮುಂದಿನವರೆಗೆ ನಲವತ್ತಾರು ಹೆಜ್ಜೆ. ಅಂದಿನಿಂದ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹನ್ನೊಂದನೇ ಕೋಣೆಯ ಬಾಗಿಲು ಹಾಕಿಕೊಂಡು, ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿ, ನೋವಿನ ಮಾತ್ರೆ ನುಂಗಿ, ಆ ಎರಡು ಕಂಬಿಗಳ ನಡುವೆ ಹೋಗಿ ಬರುವುದು ಶುರುವಾಯಿತು. ಮೊದಲು ಕಂಬಿ ಹಿಡಿದು, ಆಮೇಲೆ ಕಂಬಿಗೆ ಬೆರಳು ತಾಗಿಸಿ, ಆಮೇಲೆ ತಾಗಿಸದೆ. ಹತ್ತು ಹೆಜ್ಜೆ. ಹದಿನಾಲ್ಕು ಹೆಜ್ಜೆ. ಬೆವರು ಧಾರಾಕಾರ ಇಳಿಯುತ್ತಿತ್ತು.

ಒಂದು ದಿನ ಬಾಗಿಲಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಒಬ್ಬ ಲಾರಿ ಡ್ರೈವರ್ ಒಳಗೆ ಬಂದ. ಅಪಘಾತದಲ್ಲಿ ಬಲಗಾಲು ಮಂಡಿಯ ಕೆಳಗೆ ಹೋಗಿತ್ತು. ಕೃತಕ ಕಾಲು, ಕೈಯಲ್ಲಿ ಮೇಸ್ತ್ರಿಗಳೇ ಮಾಡಿದ ಕೋಲು. ಮೊದಮೊದಲು ಕೋಲಿನ ಮೇಲೆ ಭಾರ ಬಿಡದೆ ನಾಲ್ಕು ಸಲ ಬಿದ್ದು, ಮೇಸ್ತ್ರಿಗಳಿಂದ ಜನ್ಮಕ್ಕಾಗುವಷ್ಟು ಬೈಸಿಕೊಂಡವನು. ಚರ್ಚಿಗೂ ಅವನಿಗೂ ಸಂಬಂಧವಿರಲಿಲ್ಲ. ದೇವರ ವಿಷಯದಲ್ಲಿ ಅವನು ಯಾವ ಪಕ್ಷಕ್ಕೂ ಸೇರಿರಲಿಲ್ಲ.

"ಇದೇನು ಮೇಸ್ತ್ರೀ?"

"ಅಭ್ಯಾಸ."

"ಮದುವೇಲಿ ದೇವರೇ ನಡೆಸ್ತಾನೆ ಅಂದ್ರಂತೆ. ಇಸ್ತ್ರಿ ಅಮ್ಮ ಹೇಳ್ತಿದ್ರು."

"ಹೌದು, ನಡೆಸ್ತಾನೆ. ಅದರಲ್ಲೇನು ಅನುಮಾನ?"

"ಮತ್ತೆ ಈ ಅಭ್ಯಾಸ ಅವನಿಗಾ, ನಿಮಗಾ?"

ಮೇಸ್ತ್ರಿಗಳು ಮುಖ ಗಂಟಿಕ್ಕಿಕೊಂಡರು. "ನಿನ್ನ ರಬ್ಬರ್ ತೋರ್ಸು ಮೊದಲು" ಎಂದು ಅವನ ಕೋಲು ಕಸಿದುಕೊಂಡರು. ರಬ್ಬರಿನ ಹೊರ ಅಂಚು ಚೆನ್ನಾಗಿ, ಒಂದೇ ಕಡೆಗೆ, ಓರೆಯಾಗಿ ಸವೆದಿತ್ತು. ಬಯ್ಯುವುದಕ್ಕೆ ಏನೂ ಸಿಗಲಿಲ್ಲ. "ಮದುವೆಗೆ ಬಾ," ಎಂದರು ಕೊನೆಗೆ. "ಬಂದು ಕಣ್ಣಾರೆ ನೋಡು. ಆಮೇಲೆ ಮಾತಾಡು."

ಮನೆಯಲ್ಲಿ ಹೆಂಡತಿ ಬೇರೆ. "ರೀ, ಕೋಲು ಊರಿ ಅಂದ್ರೆ ಊರಲ್ಲ. ಮುಂದಿನ ವಾರ ಡಾಕ್ಟರ ಹತ್ರ ಹೋಗ್ಬೇಕು. ಅವರು ರಬ್ಬರ್ ನೋಡ್ತಾರೆ, ನಿಮ್ಮಿಂದಲೇ ಕಲ್ತಿದ್ದಾರೆ."

ಇದು ಮೇಸ್ತ್ರಿಗಳ ತಲೆಗೆ ಹೊಳೆದಿರಲಿಲ್ಲ. ಐದು ತಿಂಗಳಾದರೂ ತಮ್ಮ ಕೋಲಿನ ರಬ್ಬರಿನ ಗೆರೆಗಳು ಅಂಗಡಿಯಿಂದ ಬಂದಂತೆಯೇ ಇದ್ದವು. ಯೋಚಿಸಿದರು. ಮರುದಿನ ಮಧ್ಯಾಹ್ನ ಉಜ್ಜುವ ಯಂತ್ರ ಚಾಲೂ ಮಾಡಿ, ಕೋಲನ್ನು ನೆಟ್ಟಗೆ ಹಿಡಿದು, ರಬ್ಬರನ್ನು ಗರ್ರನೆ ಉಜ್ಜಿದರು. ಗೆರೆಗಳೆಲ್ಲ ಹೋದವು. ಡಾಕ್ಟರು ಅವಸರದಲ್ಲಿದ್ದರು, ಕೋಲನ್ನು ಒಮ್ಮೆ ತಿರುಗಿಸಿ ನೋಡಿ, "ಗುಡ್, ಚೆನ್ನಾಗಿ ಬಳಸ್ತಿದ್ದೀರಿ" ಎಂದರು. ಮೇಸ್ತ್ರಿಗಳು ಎದೆಯುಬ್ಬಿಸಿ ಮನೆಗೆ ಬಂದರು.

ಹೆಂಡತಿ ಕೋಲನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿನಿಂದ ಸುತ್ತ ಸವರಿದಳು.

"ಸುತ್ತಲೂ ಒಂದೇ ಸಮ ಸವೆದಿದೆ," ಎಂದಳು. "ಮೂವತ್ತು ವರ್ಷ ಗೋಡೆ ಆಚೆಯಿಂದ ನಿಮ್ಮ ಪಾಠ ಕೇಳಿದ್ದೀನಿ ಕಣ್ರೀ. ನಡೆದವನ ರಬ್ಬರ್ ಹೀಗೆ ಸವೆಯಲ್ಲ. ಇದನ್ನ ಯಂತ್ರಕ್ಕೆ ಕೊಟ್ಟಿದ್ದೀರಿ."

ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಕೋಲನ್ನು ಮೂಲೆಗೆ ಒರಗಿಸಿ, "ದೇವರ ಹತ್ರಾನೂ ಹೀಗೇನಾ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಮಗಳೂ ಒಂದು ಸಂಜೆ ಪಕ್ಕದಲ್ಲಿ ಬಂದು ಕೂತಳು. "ಅಪ್ಪಾ, ನಾನು ಕೇಳಿದ್ದು ಜೊತೆಗೆ ಬಾ ಅಂತ. ಸಾಹಸ ತೋರ್ಸು ಅಂತಲ್ಲ. ನೀನು ಮಧ್ಯದಲ್ಲಿ ಬಿದ್ರೆ ನಾನು ಆ ದಿನ ಪೂರ್ತಿ ಅಳ್ತೀನಿ." ಮೇಸ್ತ್ರಿಗಳು ಅವಳ ತಲೆ ಸವರಿ, "ಬೀಳಲ್ಲ ಮಗಾ, ದೇವರಿದ್ದಾನೆ" ಎಂದರು. ಹಾಗೆ ಹೇಳುವಾಗ ಅವರ ಮನಸ್ಸಿನಲ್ಲಿದ್ದದ್ದು ದೇವರಲ್ಲ, ಹಿಂದಿನ ದಿನ ಕಂಬಿ ಮುಟ್ಟದೆ ಹಾಕಿದ ಮೂವತ್ತೆಂಟು ಹೆಜ್ಜೆ.

ಮದುವೆಯ ದಿನ ಬೆಳಿಗ್ಗೆ ಹೆಂಡತಿ ಕೋಲು ಹುಡುಕಿದಳು. ಸಿಗಲಿಲ್ಲ. ಮೇಸ್ತ್ರಿಗಳು ಅದನ್ನು ಬಟ್ಟೆಯ ಅಲ್ಮಾರಿಯ ಹಿಂದೆ ತಳ್ಳಿ, ಏನೂ ಅರಿಯದವರಂತೆ ಬೂಟಿನ ದಾರ ಕಟ್ಟುತ್ತಿದ್ದರು.

ಚರ್ಚು ಕಿಕ್ಕಿರಿದಿತ್ತು. ಮದುವೆ ನೋಡಲು ಬಂದವರಿಗಿಂತ ಮಂಡಿ ನೋಡಲು ಬಂದವರು ಹೆಚ್ಚು. ಲಾರಿ ಡ್ರೈವರ್ ಬಲಗಡೆಯ ಸಾಲಿನಲ್ಲಿ, ನಡುದಾರಿಗೆ ತಾಗಿದ ಬೆಂಚಿನ ತುದಿಯಲ್ಲಿ, ಕೋಲನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೂತಿದ್ದ. ಬಾಗಿಲು ತೆರೆಯಿತು. ಹಾಡಿನಕ್ಕ ಶ್ರುತಿ ಎತ್ತಿದಳು. ಮಗಳು ಅಪ್ಪನ ಎಡಗೈ ಹಿಡಿದಳು. ಮೇಸ್ತ್ರಿಗಳು ಹೆಜ್ಜೆ ಇಟ್ಟರು.

ಒಂದು, ಎರಡು, ಮೂರು. ತುಟಿ ಅಲುಗುತ್ತಿತ್ತು, ಜನ ಅದನ್ನು ಸ್ತೋತ್ರವೆಂದುಕೊಂಡರು. ಹತ್ತಕ್ಕೆ ಮಂಡಿ ಬಿಸಿಯಾಯಿತು. ಹದಿನೆಂಟಕ್ಕೆ ಪಟ್ಟಿ ಸಡಿಲವಾಯಿತು. ಕಾರ್ಖಾನೆಯ ನೆಲ ಸಮತಟ್ಟು. ಚರ್ಚಿನ ನೆಲ ಮುಂದಕ್ಕೆ ಹೋದಂತೆ ಕೊಂಚ ಏರುತ್ತದೆಂಬುದು ಇಷ್ಟು ವರ್ಷ ಬೆಂಚು ಎಳೆದವರಿಗೂ ಗೊತ್ತಿರಲಿಲ್ಲ. ಇಪ್ಪತ್ತೇಳನೆಯ ಹೆಜ್ಜೆಗೆ ಎಡಗಾಲು ತಮ್ಮದಲ್ಲವೆಂಬಂತೆ ನಿಂತುಬಿಟ್ಟಿತು. ಇನ್ನೊಂದು ಹೆಜ್ಜೆ ಎತ್ತಿದರೆ ಬೀಳುವುದು ಖಂಡಿತ.

"ಅಪ್ಪಾ?" ಎಂದಳು ಮಗಳು, ಮೆಲ್ಲಗೆ.

ಆಗ ಮೇಸ್ತ್ರಿಗಳು ಮಾಡಿದ್ದು ಮೂವತ್ತು ವರ್ಷ ಹಿರಿಯರಾಗಿದ್ದವರಿಗೆ ಮಾತ್ರ ಹೊಳೆಯುವ ಉಪಾಯ. ಕಣ್ಣು ಮುಚ್ಚಿ ಬಲಗೈಯನ್ನು ಮೇಲೆತ್ತಿದರು.

ಹಿರಿಯರು ಪ್ರಾರ್ಥನೆಗೆ ನಿಂತರು! ಹಾಡು ತಟ್ಟನೆ ನಿಂತಿತು. ಇಡೀ ಸಭೆ ದಡಬಡನೆ ಎದ್ದು ತಲೆಬಾಗಿ ಕಣ್ಣು ಮುಚ್ಚಿತು. ಮುಂದೆ ನಿಂತಿದ್ದ ಮದುಮಗ ಕಣ್ಣು ಮುಚ್ಚಿದ. ಕಾರ್ಯಕ್ರಮದ ಹಾಳೆಯಲ್ಲಿ ಇಲ್ಲಿ ಪ್ರಾರ್ಥನೆ ಇಲ್ಲವಲ್ಲ ಎಂದು ಒಂದು ಗಳಿಗೆ ಕಣ್ಣು ಮಿಟುಕಿಸಿದ ಪಾಸ್ಟರೂ ಮುಚ್ಚಿದರು. ಇನ್ನೂರು ಜನ ಉಸಿರು ಬಿಗಿಹಿಡಿದು ಕಾದರು, ಹಿರಿಯರು ಬಾಯಿ ತೆರೆಯಲಿ ಎಂದು.

ಬಾಯಿ ತೆರೆಯಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕಡಿಮೆ ಮಾತಾಡದವರಿಗೆ ಒಂದು ಪದವೂ ಸಿಗಲಿಲ್ಲ. ಕೊಡುವುದಕ್ಕೆ ಅಳತೆ ಇರಲಿಲ್ಲ, ಹೇಳುವುದಕ್ಕೆ ದಿನ ಇರಲಿಲ್ಲ. ಮಂಡಿ ಗಡಗಡ ನಡುಗುತ್ತಿತ್ತು. ಮಗಳ ಕೈ ತಮ್ಮ ತೋಳನ್ನು ಬಿಗಿಯಾಗಿ ಹಿಡಿದಿತ್ತು. ನಾಟಕಕ್ಕೆಂದು ಮುಚ್ಚಿದ ಕಣ್ಣಿನೊಳಗೆ ಮೇಸ್ತ್ರಿಗಳು ಆ ಕ್ಷಣ ನಿಜವಾಗಿಯೂ ಒಬ್ಬರೇ ಆಗಿಬಿಟ್ಟರು.

'ಕರ್ತನೇ, ನನ್ನ ಕೈಲಿ ಆಗ್ತಿಲ್ಲ,' ಎಂದರು ಒಳಗೇ. ಜೀವಮಾನದಲ್ಲಿ ಅವರು ಮಾಡಿದ ಅತಿ ಚಿಕ್ಕ ಪ್ರಾರ್ಥನೆ ಅದು. ಮಂಡಿಗೆ ಬಲ ಬರಲಿಲ್ಲ. ಮೇಲಿನಿಂದ ಏನೂ ಇಳಿಯಲಿಲ್ಲ. ಬಲಗಡೆಯಿಂದ ಯಾರೋ ಸೊಂಟಕ್ಕೆ ತಿವಿದರು.

ಕಣ್ಣು ತೆರೆದರು. ಪ್ರಾರ್ಥನೆ ಎಂದರೆ ಕಣ್ಣು ಮುಚ್ಚಬೇಕೆಂದು ಗೊತ್ತಿಲ್ಲದವನು ಇಡೀ ಚರ್ಚಿನಲ್ಲಿ ಒಬ್ಬನೇ ಇದ್ದ. ಲಾರಿ ಡ್ರೈವರ್ ತನ್ನ ಕೋಲನ್ನು ಅವರ ಕಡೆ ಚಾಚಿ ಹಿಡಿದಿದ್ದ.

"ತಗೊಳ್ಳಿ," ಎಂದು ಪಿಸುಗುಟ್ಟಿದ. "ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಬೇಗ ಮುಂದೆ ಹೋಗಿ ಕೋಲನ್ನ ಬೆಂಚಿನ ಕೆಳಗೆ ತಳ್ಳಿಬಿಡಿ. ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಹತ್ತೊಂಬತ್ತು ಹೆಜ್ಜೆ ಅಷ್ಟೇ. ಜನ ಕಣ್ಣು ತೆರೆದಾಗ ಮೇಸ್ತ್ರಿ ಮುಂದೆ ನಿಂತಿರುತ್ತಾರೆ, ಕೈ ಖಾಲಿ. ಹಾಡಿನಕ್ಕ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಮುಂದಿನ ಇಪ್ಪತ್ತು ವರ್ಷದ ಸಾಕ್ಷಿಗೆ ಸರಕು ಸಿದ್ಧ. ಮೇಸ್ತ್ರಿಗಳ ಬಲಗೈ ತಾನಾಗಿ ಕೆಳಗಿಳಿದು ಕೋಲಿನ ಹಿಡಿಯ ಮೇಲೆ ಕೂತಿತು. ತಲೆಯೊಳಗೆ ಉಜ್ಜುವ ಯಂತ್ರ ಗರ್ರೆಂದಿತು. ಅವರು ಮಗಳ ಮುಖ ನೋಡಿದರು. ಅವಳ ಕಣ್ಣೂ ತೆರೆದೇ ಇತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಆಮೆನ್!" ಎಂದು ಮೇಸ್ತ್ರಿಗಳು ಗಟ್ಟಿಯಾಗಿ ಕೂಗಿದರು.

ಇನ್ನೂರು ಜೊತೆ ಕಣ್ಣು ತೆರೆದವು. ಕೋಲಿಲ್ಲದೆ ನಡೆಯಬೇಕಿದ್ದ ಹಿರಿಯರು, ನಡುದಾರಿಯಲ್ಲಿ, ಬೇರೊಬ್ಬನ ಕೋಲು ಹಿಡಿದು ನಿಂತಿದ್ದರು. ಯಾರೋ ಅಭ್ಯಾಸಬಲದಿಂದ "ಸ್ತೋ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಹಾಡಿನಕ್ಕನಿಗೆ ಜಯದ ಹಾಡು ಮುಂದುವರಿಸಬೇಕೋ ಬೇಡವೋ ತಿಳಿಯಲಿಲ್ಲ.

ಡ್ರೈವರ್ ತಲೆ ಚಚ್ಚಿಕೊಂಡ. ಆಮೇಲೆ, ಮೇಸ್ತ್ರಿಗಳು ಕೋಲನ್ನು ಹೂವಿನ ಹಾರದಂತೆ ಹಿಡಿದದ್ದು ನೋಡಲಾರದೆ, ಅವರದೇ ಧಾಟಿಯಲ್ಲಿ ಗದರಿಸಿದ: "ಭಾರ ಪೂರ್ತಿ ಬಿಡಿ ಮೇಸ್ತ್ರೀ. ಅರ್ಧ ಬಿಟ್ರೆ ಬೀಳ್ತೀರಿ!"

ಮೇಸ್ತ್ರಿಗಳು ಬಿಟ್ಟರು. ಕೋಲು ಎರಡು ಇಂಚು ಉದ್ದವಾಗಿತ್ತು, ಭುಜ ಕಿವಿಯ ತನಕ ಏರಿತು. ಆದರೂ ಹೊತ್ತಿತು. ಮೂವತ್ತೊಂದು ವರ್ಷ ಸಾವಿರಾರು ಜನಕ್ಕೆ ಹೊರುತ್ತದೆ, ನಂಬು ಎಂದು ಗದರಿಸಿ ಕೊಟ್ಟ ವಸ್ತು ನಿಜವಾಗಿಯೂ ಹೊರುತ್ತದೆಂದು ಅವರಿಗೆ ಗೊತ್ತಾದದ್ದು ಅಂದೇ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಗಳು. ಟಕ್, ಟಕ್ ಎಂದು ಉಳಿದ ದಾರಿ ನಡೆದರು. ಎಣಿಸಲು ಮರೆತಿದ್ದರು. ಮುಂದೆ ತಲುಪಿದಾಗ ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಅದನ್ನು ಒರೆಸಲು ಕೈ ಖಾಲಿ ಇರಲಿಲ್ಲ, ಮಗಳೇ ಒರೆಸಿದಳು.

ಮದುವೆ ಮುಗಿಯಿತು. ಜನ ಊಟಕ್ಕೆ ಹೊರಟರು. ಹಿರಿಯರ ನಂಬಿಕೆಗೆ ಏನು ಕೊರತೆಯಾಯಿತೆಂಬ ಚರ್ಚೆ ಕೈತೊಳೆಯುವ ನಲ್ಲಿಯ ಹತ್ತಿರವೇ ಶುರುವಾಯಿತು. ಮೇಸ್ತ್ರಿಗಳೂ ಟಕ್ ಟಕ್ ಎಂದು ಮೆಟ್ಟಿಲಿನ ತನಕ ಬಂದವರು ತಟ್ಟನೆ ನಿಂತು ಹಿಂದಿರುಗಿದರು. ಖಾಲಿ ಚರ್ಚಿನಲ್ಲಿ ಲಾರಿ ಡ್ರೈವರ್ ಅದೇ ಬೆಂಚಿನ ತುದಿಯಲ್ಲಿ ಕೂತಿದ್ದ. ಅವನು ಹೋಗುವುದಾದರೂ ಹೇಗೆ?

"ನೆನಪಾಯ್ತಾ?" ಎಂದ. "ಹಸಿವಾಗಿ ಸಾಯ್ತಿದ್ದೀನಿ ಮೇಸ್ತ್ರೀ."

ಕೋಲು ಅವನಿಗೆ ಕೊಟ್ಟರೆ ಮೇಸ್ತ್ರಿಗಳು ಅಲ್ಲೇ ನಿಲ್ಲಬೇಕು. ಇಟ್ಟುಕೊಂಡರೆ ಅವನು ಕೂತೇ ಇರಬೇಕು. ಕೊನೆಗೆ ಅವನು ಕೋಲು ಊರಿದ, ಮೇಸ್ತ್ರಿಗಳು ಅವನ ಭುಜ ಹಿಡಿದರು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಬಾಗಿಲಿಗೆ ಬಂದರು. ಮುಂದೆ ಆರು ಮೆಟ್ಟಿಲು. ಕೆಳಗೆ ನಿಂತಿದ್ದ ಪಾಸ್ಟರ್ ಇವರನ್ನು ನೋಡಿ ಓಡಿಬಂದು ಕೈ ಚಾಚಿದರು. ಚಾಚಿದವರು, ಮುಂದೆ ಬರುವ ಮಾತು ಗೊತ್ತಿದ್ದರಿಂದ, ಕೈಯನ್ನು ಹಾಗೇ ಅರ್ಧಕ್ಕೆ ತಡೆದರು.

"ಹಿಡ್ಕೊಳ್ಳಿ ಪಾಸ್ಟರೇ," ಎಂದರು ಮೇಸ್ತ್ರಿಗಳು. "ನಮ್ಮ ಕೈಲಿ ಆಗಲ್ಲ."

ಮೂವರೂ ಇಳಿಯಲು ಅಷ್ಟು ಹೊತ್ತು ಹಿಡಿಯಿತೆಂದರೆ, ಊಟದ ಸಾಲಿನಲ್ಲಿ ಕೂತಿದ್ದ ಹೆಂಡತಿ ಎದ್ದು ಬಂದು ಮೆಟ್ಟಿಲಿನ ಬುಡದಲ್ಲಿ ನಿಂತಳು. "ರೀ, ನಿಮ್ಮ ಕೋಲೆಲ್ಲಿ?" ಎಂದಳು.

"ಅಲ್ಮಾರಿ ಹಿಂದೆ ಬಚ್ಚಿಟ್ಟಿದ್ದೀನಿ," ಎಂದರು ಮೇಸ್ತ್ರಿಗಳು. "ತಂದ್ಕೊಡೇ. ರಬ್ಬರ್ ಮಾತ್ರ ಹೊಸದು ಹಾಕ್ಬೇಕು."